ಕಾರಣ ಇವತ್ತು, ಪರಿಣಾಮ ನಾಳೆ: ನಡುವಿನ ಹೊತ್ತು ದಾಟಿ ಕಲಿಯುವುದು ಹೇಗೆ?

ಕಾದ ಕಾವಲಿಗೆ ಬೆರಳು ತಾಗಿಸಿಕೊಂಡ ಮಗುವಿಗೆ ಮತ್ತೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ತಾಗಿದ್ದೂ ಉರಿದದ್ದೂ ಒಂದೇ ಕ್ಷಣದಲ್ಲಿ ಆಗಿಹೋಗುತ್ತದೆ. ಮಿದುಳು ಎರಡನ್ನೂ ಅಲ್ಲೇ ಗಂಟು ಹಾಕಿಬಿಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು, ಹತ್ತು ಹದಿನೈದು ದಿನ ಬಿಟ್ಟು ಚಳಿಜ್ವರ ಬಂದವರನ್ನು ಕೇಳಿ ನೋಡಿ. "ನಿನ್ನೆ ಮಳೆಗೆ ನೆನೆದೆ, ಹಾಗಾಗಿ" ಅನ್ನುತ್ತಾರೆ. ಸೊಳ್ಳೆ ಕಚ್ಚಿದ ಆ ಸಂಜೆಗೂ ನಡುಗಿದ ಈ ರಾತ್ರಿಗೂ ಸಂಬಂಧ ಉಂಟೆಂದು ಯಾರ ತಲೆಗೂ ತಾನಾಗಿ ಹೊಳೆಯುವುದಿಲ್ಲ.

ಬದುಕಿನಲ್ಲಿ ಕಲಿಯಬೇಕಾದ ದೊಡ್ಡ ಸಂಗತಿಗಳು ಹೆಚ್ಚಾಗಿ ಈ ಎರಡನೇ ಬಗೆಯವು. ಪರೀಕ್ಷೆ ಬರೆದ ದಿನಕ್ಕೂ ಉತ್ತರಪತ್ರಿಕೆ ಕೈಗೆ ಸಿಗುವ ದಿನಕ್ಕೂ ನಡುವೆ ವಾರ ಕಳೆದಿರುತ್ತದೆ. ಊಟಕ್ಕೂ ಶುಗರ್ ರಿಪೋರ್ಟಿಗೂ ನಡುವೆ ತಿಂಗಳುಗಳೇ ಇರುತ್ತವೆ. "ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ" ಎಂದು ಮಕ್ಕಳಿಗೆ, ಹಿರಿಯರಿಗೆ, ನಮಗೆ ನಾವೇ ಬೈದುಕೊಳ್ಳುವಾಗ ಈ ಅಂತರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದರೆ ಬೈಗುಳ ಕಡಿಮೆಯಾಗುತ್ತದೆ, ಕಲಿಕೆ ಹೆಚ್ಚಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕಾಗಿಯೇ ಈ ಮಾರ್ಗದರ್ಶಿ.

ಮಾಡಬೇಕಾದದ್ದಕ್ಕೆ ಬರುವ ಮೊದಲು, ಮಿದುಳಿನೊಳಗೆ ಆಗುವುದೇನೆಂದು ಸ್ವಲ್ಪ ನೋಡೋಣ. ಮುಂದಿನ ಹೆಜ್ಜೆಗಳೆಲ್ಲ ಅದರ ಮೇಲೆಯೇ ನಿಂತಿವೆ.

ಮಿದುಳು ಅಂತರವನ್ನು ದಾಟುವ ಬಗೆ

ರಷ್ಯಾದ ಪಾವ್ಲೊವ್ ಅವರ ನಾಯಿಗಳ ಕಥೆ ಶಾಲೆಯಲ್ಲಿ ಓದಿರುತ್ತೀರಿ: ಶಬ್ದ ಕೇಳಿಸಿ ಆಹಾರ ಕೊಡುತ್ತಾ ಹೋದರೆ, ಕೊನೆಗೆ ಬರೀ ಶಬ್ದಕ್ಕೇ ಜೊಲ್ಲು ಸುರಿಯುತ್ತದೆ. ಶಬ್ದ ನಿಂತ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಆಹಾರ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅವರು ಪರೀಕ್ಷಿಸಿದ್ದರು. ಆಗಲೂ ನಾಯಿ ಕಲಿಯುತ್ತದೆ, ಆದರೆ ಕಷ್ಟಪಟ್ಟು.

ಮನುಷ್ಯರಲ್ಲಿ ಇದನ್ನು ಕಣ್ಣಿನ ರೆಪ್ಪೆಯ ಮೂಲಕ ನೋಡುತ್ತಾರೆ. ಒಂದು ಶಬ್ದ, ಅದು ಮುಗಿಯುವ ಮೊದಲೇ ಕಣ್ಣಿಗೆ ಗಾಳಿಯ ಸಣ್ಣ ಊದು. ಇಷ್ಟಾದರೆ ಕೆಲಸವನ್ನು ಕಿರುಮೆದುಳು ತಾನೇ ನೋಡಿಕೊಳ್ಳುತ್ತದೆ. ಶಬ್ದ ಕೇಳಿದೊಡನೆ ರೆಪ್ಪೆ ಮುಚ್ಚಲು ಕಲಿಯುತ್ತದೆ. ಶಬ್ದ ನಿಂತು, ಅರ್ಧ ಅಥವಾ ಒಂದು ಸೆಕೆಂಡು ಬಿಟ್ಟು ಗಾಳಿ ಊದಿದರೆ ಕಿರುಮೆದುಳೊಂದಕ್ಕೇ ಸಾಧ್ಯವಾಗುವುದಿಲ್ಲ. ಮಿದುಳಿನೊಳಗೆ ಕಿವಿಯ ಮಟ್ಟದಲ್ಲಿ, ಎರಡೂ ಬದಿಯಲ್ಲಿರುವ, ನೆನಪು ಕಟ್ಟುವ ಹಿಪ್ಪೋಕ್ಯಾಂಪಸ್ ಎಂಬ ಭಾಗ ಕೈಜೋಡಿಸಲೇಬೇಕು. 1998ರಲ್ಲಿ ರಾಬರ್ಟ್ ಕ್ಲಾರ್ಕ್ ಮತ್ತು ಲ್ಯಾರಿ ಸ್ಕ್ವೈರ್ ತೋರಿಸಿದ ಸಂಗತಿ ನನಗೆ ಬಹಳ ಮುಖ್ಯವಾಗಿ ಕಂಡಿದೆ. ಹಿಪ್ಪೋಕ್ಯಾಂಪಸ್ ಹಾನಿಗೊಂಡು ಮರೆವಿಗೆ ಒಳಗಾದವರು ಅಂತರವಿಲ್ಲದ ಪಾಠವನ್ನು ಕಲಿತರು, ಅಂತರವಿರುವುದನ್ನು ಕಲಿಯಲಿಲ್ಲ. ಆರೋಗ್ಯವಂತರಲ್ಲಿಯೂ "ಓಹೋ, ಈ ಶಬ್ದ ಬಂದ ಮೇಲೆ ಗಾಳಿ ಬರುತ್ತದೆ" ಎಂದು ಅರಿವಿಗೆ ತಂದುಕೊಂಡವರು ಮಾತ್ರ ಅಂತರವಿರುವ ಪಾಠ ಕಲಿತರು. ಅಂತರವಿಲ್ಲದ ಪಾಠಕ್ಕೆ ಆ ಅರಿವಿನ ಅಗತ್ಯವೇ ಬೀಳಲಿಲ್ಲ.

ಒಂದು ಸೆಕೆಂಡಿನ ಅಂತರಕ್ಕೇ ಇಷ್ಟು ಕಷ್ಟ! ನಾವೋ ವಾರಗಳ ಅಂತರ ಇಟ್ಟು, ಮಗುವಿಗೆ ತಾನಾಗಿ ತಿಳಿಯಲಿ ಎಂದು ಕಾಯುತ್ತೇವೆ.

ನಡುವಿನ ಮೌನದಲ್ಲಿ ಮಿದುಳು ಏನು ಮಾಡುತ್ತದೆ? 2011ರಲ್ಲಿ ಬಾಸ್ಟನ್‌ನ ಹೊವಾರ್ಡ್ ಐಕನ್‌ಬಾಮ್ ಅವರ ತಂಡ ಇಲಿಗಳಲ್ಲಿ 'ಕಾಲಕೋಶ'ಗಳನ್ನು ವರ್ಣಿಸಿತು. ವಿರಾಮದ ಒಂದೊಂದು ಗಳಿಗೆಗೆ ಒಂದೊಂದು ನರಕೋಶ, ಸರದಿಯಂತೆ ಮಿಡಿಯುತ್ತವೆ. 2020ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಟಿಲಾ ಲೊಸೊನ್ಸಿ, ಸ್ಟೆಫಾನೊ ಫೂಸಿ ಮತ್ತು ಸಂಗಡಿಗರು ಬೇರೆಯೇ ಚಿತ್ರ ಕೊಟ್ಟರು. ಪುಟ್ಟ ಇಲಿಗಳಿಗೆ ಒಂದು ಶಬ್ದ ಕೇಳಿಸಿ, 15 ಸೆಕೆಂಡು ಬಿಟ್ಟು ಗಾಳಿ ಊದಿದರು. ಆ 15 ಸೆಕೆಂಡೂ ಹಿಪ್ಪೋಕ್ಯಾಂಪಸ್ ಎಡೆಬಿಡದೆ ಮಿಡಿಯುತ್ತಾ ಶಬ್ದವನ್ನು ಹಿಡಿದಿಟ್ಟುಕೊಂಡಿರುತ್ತದೆ ಎಂಬುದು ಅವರ ನಿರೀಕ್ಷೆಯಾಗಿತ್ತು. ಅಂಥ ಸತತ ಚಟುವಟಿಕೆ ಕಾಣಲಿಲ್ಲ, ಆದರೂ ಇಲಿಗಳು ಕಲಿತವು. ಮಾಹಿತಿ ನರಕೋಶಗಳ ನಡುವಿನ ಸಂಪರ್ಕಗಳಲ್ಲಿ ಕೂತಿದ್ದು, ಬೇಕಾದಾಗ ಮೇಲೆ ಬರುತ್ತಿರಬಹುದು ಎಂಬುದು ಅವರ ವಿವರಣೆ. ನಮ್ಮ ಕೆಲಸಕ್ಕೆ ಇದರಿಂದ ಒಂದು ಸುಳಿವು ಸಿಗುತ್ತದೆ: ಮೊದಲ ಘಟನೆಯನ್ನು ಇಡೀ ದಿನ ಜಪಿಸಬೇಕಾಗಿಲ್ಲ, ಎರಡನೆಯದು ಬಂದಾಗ ಅದನ್ನು ಎಬ್ಬಿಸಿದರೆ ಸಾಕಾಗಬಹುದು.

ಮೊದಲ ಹೆಜ್ಜೆ: ಅಂತರ ಎಷ್ಟೆಂದು ನೋಡಿ

ಕಲಿಸುವ ಮೊದಲು ಕೇಳಿಕೊಳ್ಳಿ: ಮಾಡಿದ್ದಕ್ಕೂ ಅದರ ಫಲ ತಿಳಿಯುವುದಕ್ಕೂ ನಡುವೆ ಎಷ್ಟು ಹೊತ್ತು? ಸೆಕೆಂಡುಗಳೋ, ಗಂಟೆಗಳೋ, ದಿನಗಳೋ? ಸೆಕೆಂಡುಗಳ ಲೆಕ್ಕದಲ್ಲಿದ್ದರೆ ಕಲಿಸುವವರ ಚುರುಕುತನ ಸಾಕು. ಗಂಟೆಗಳಾದರೆ ನೆನಪನ್ನು ಬೇಕೆಂದೇ ಎಬ್ಬಿಸಬೇಕು. ದಿನ, ವಾರಗಳಾದರೆ ಕಾಗದ ಪೆನ್ನು ಇಲ್ಲದೆ ಆಗುವುದಿಲ್ಲ.

ಎರಡನೇ ಹೆಜ್ಜೆ: ಕುಗ್ಗಿಸಲು ಆಗುವುದಾದರೆ ಕುಗ್ಗಿಸಿ

ಯಕ್ಷಗಾನ ತರಗತಿಯಲ್ಲಿ ಹುಡುಗ ಮೂರನೇ ಹೆಜ್ಜೆ ತಪ್ಪುತ್ತಾನೆ. ಗುರುಗಳು ಬಿಡ್ತಿಗೆ ಎಂಬ ಕುಣಿತದ ತುಣುಕು ಮುಗಿಯುವ ತನಕ ತಡೆದುಕೊಂಡು, "ನಡುವೆ ಎಲ್ಲೋ ತಪ್ಪಿದ್ದೀ, ಇನ್ನೊಮ್ಮೆ ಕುಣಿ" ಎಂದರೆ ಹುಡುಗನ ಮಿದುಳಿಗೆ ಅದು ಕೊನೆಯ ಹೆಜ್ಜೆಯ ತಪ್ಪಾಗಿಯೇ ದಾಖಲಾಗುವ ಸಂಭವ ಹೆಚ್ಚು. ಕಾಲು ನೆಲ ಮುಟ್ಟಿದ ಕೂಡಲೇ ಬಾಯಿತಾಳ ನಿಲ್ಲಿಸಿ, ಅದೇ ಹೆಜ್ಜೆಯನ್ನು ಮತ್ತೆ ಇಡಿಸುವ ಗುರುಗಳ ಶಿಷ್ಯರು ಬೇಗ ತಿದ್ದಿಕೊಳ್ಳುತ್ತಾರೆ.

ಕೆಲವೇ ಕ್ಷಣಗಳಿಗೆ ಇಷ್ಟು ಬೆಲೆ ಯಾಕೆಂದರೆ, 2014ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಮಿದುಳಿನಲ್ಲಿ ಒಂದು ಕಿರಿದಾದ ಕಿಂಡಿಯನ್ನು ಅಳೆದರು. ನರಕೋಶದ ಒಂದು ಸಂಪರ್ಕ ಕೆಲಸ ಮಾಡಿದ ಮೇಲೆ ಸುಮಾರು 0.3ರಿಂದ 2 ಸೆಕೆಂಡಿನ ಒಳಗೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಬಂದರೆ ಆ ಸಂಪರ್ಕ ದಪ್ಪವಾಗುತ್ತದೆ. ಅದಕ್ಕಿಂತ ತಡವಾದರೆ ಆಗುವುದಿಲ್ಲ. ಕೈಕಾಲಿನ ಅಭ್ಯಾಸಗಳನ್ನು ಕಟ್ಟುವ ಸ್ಟ್ರಯಾಟಮ್ ಎಂಬ ಭಾಗದ ಲೆಕ್ಕ ಇದು.

ಮಂಗಳೂರಿನ ಬಾವುಟಗುಡ್ಡೆಯ ಏರಿನಲ್ಲಿ ಹಾಫ್ ಕ್ಲಚ್ ಕಲಿಯುವವರಿಗೂ ಇದೇ ಮಾತು. ಕಾರು ಹಿಂದೆ ಜಾರಿದ ಕ್ಷಣದಲ್ಲಿ "ಈಗ ಕ್ಲಚ್ ಒತ್ತಿದ್ದು ಜಾಸ್ತಿ" ಎಂಬ ಎರಡೇ ಮಾತು ಉಪಯೋಗಕ್ಕೆ ಬರುತ್ತದೆ. ಮನೆಗೆ ಬಂದ ಮೇಲೆ ಕೊಡುವ ಹತ್ತು ನಿಮಿಷದ ಉಪನ್ಯಾಸ ಕಾಲಿಗೆ ತಲುಪುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 'ಕೂಡಲೇ ತಿದ್ದು' ಎಂಬುದು ಎಲ್ಲದಕ್ಕೂ ಸಲ್ಲುವ ನಿಯಮವಲ್ಲ. ಕೊಲಂಬಿಯಾದ ಕಾರಿನ್ ಫೋರ್ಡೆ ಮತ್ತು ಡಾಫ್ನಾ ಶೊಹಮಿ 2011ರಲ್ಲಿ ಕಂಡುಕೊಂಡ ಪ್ರಕಾರ, ಉತ್ತರ ಸರಿಯೋ ತಪ್ಪೋ ಎಂದು ಕೂಡಲೇ ತಿಳಿದರೆ ಸ್ಟ್ರಯಾಟಮ್ ಮುಂದಾಗಿ ಕಲಿಯುತ್ತದೆ, ಕೆಲವೇ ಸೆಕೆಂಡು ತಡವಾಗಿ ತಿಳಿದರೆ ಹಿಪ್ಪೋಕ್ಯಾಂಪಸ್ ಆ ಕೆಲಸವನ್ನು ಕೈಗೆತ್ತಿಕೊಳ್ಳುತ್ತದೆ. ಡೋಪಮೈನ್ ಕೊರತೆಯ ಪಾರ್ಕಿನ್ಸನ್ ರೋಗಿಗಳು ಕೂಡಲೇ ಸಿಗುವ ತೀರ್ಪಿನಿಂದ ಕಲಿಯುವುದರಲ್ಲಿ ಹಿಂದೆ ಬಿದ್ದರು. ತಡವಾಗಿ ಸಿಕ್ಕಿದಾಗ ಇತರರಷ್ಟೇ ಚೆನ್ನಾಗಿ ಕಲಿತರು. ಅಂದರೆ ಕುಣಿತ, ಈಜು, ಡ್ರೈವಿಂಗ್, ಮದ್ದಳೆಯಂಥ ಕೈಕಾಲಿನ ವಿದ್ಯೆಗೆ ತಡ ಮಾಡಬೇಡಿ. ಇತಿಹಾಸ, ವಿಜ್ಞಾನ, ಪದಗಳ ಅರ್ಥದಂಥ ತಿಳಿವಳಿಕೆಯ ವಿದ್ಯೆಗೆ ಉತ್ತರ ಸ್ವಲ್ಪ ತಡವಾದರೂ ಚಿಂತೆಯಿಲ್ಲ. ಉತ್ತರ ಬರುವಾಗ ಪ್ರಶ್ನೆಯೂ ಎದುರಿಗಿರಬೇಕು, ಅಷ್ಟೇ.

ಮೂರನೇ ಹೆಜ್ಜೆ: ಕುಗ್ಗಿಸಲಾಗದಿದ್ದರೆ ಅಲ್ಲೇ ಒಂದು ಗುರುತು ಹಾಕಿ

ನಾಯಿಮರಿ ಸಾಕುವವರಿಗೆ ಇದು ಹೆಚ್ಚು ಬೇಕು. ನೀವು ಆಫೀಸಿಗೆ ಹೋದಾಗ ಮರಿ ಚಪ್ಪಲಿ ಕಚ್ಚಿ ಹರಿದಿರುತ್ತದೆ, ಸಂಜೆ ಬಂದು ಬೈಯುತ್ತೀರಿ. ಬೆಳಿಗ್ಗೆ ಕಚ್ಚಿದ ಚಪ್ಪಲಿಗೂ ಸಂಜೆಯ ಬೈಗುಳಕ್ಕೂ ಸಂಬಂಧ ಕಟ್ಟಲು ಅದಕ್ಕೆ ಯಾವ ದಾರಿಯೂ ಇಲ್ಲ. ಅದು ಕಲಿಯುವುದು ಒಂದನ್ನೇ: ನೀವು ಗೇಟು ತೆಗೆದು ಒಳಗೆ ಬಂದಾಗ ಹೆದರಬೇಕು. ಬೈಯುವುದನ್ನು ದಯವಿಟ್ಟು ನಿಲ್ಲಿಸಿ, ಚಪ್ಪಲಿ ಮೇಲಿಡಿ. ಒಳ್ಳೆಯ ನಡತೆ ಕಲಿಸಲು ಒಂದು ಸಣ್ಣ ಶಬ್ದವನ್ನು ಆರಿಸಿಕೊಳ್ಳಿ. ಮೊದಲು ಆ ಶಬ್ದ ಹೇಳಿದ ಕೂಡಲೇ ತಿಂಡಿ ಕೊಡುತ್ತಾ ಶಬ್ದಕ್ಕೆ ಬೆಲೆ ಬರಿಸಿ. ಆಮೇಲೆ ಮರಿ ಕೂತ ಕ್ಷಣದಲ್ಲಿ ಶಬ್ದ ಹೇಳಿದರೆ, ಬಿಸ್ಕತ್ತು ಡಬ್ಬದಿಂದ ಬರುವುದು ಸ್ವಲ್ಪ ತಡವಾದರೂ ನಡೆಯುತ್ತದೆ.

ಮಕ್ಕಳಿಗೂ ಹೀಗೆಯೇ. ತಂಗಿಗೆ ಆಟಿಕೆ ಬಿಟ್ಟುಕೊಟ್ಟ ಗಳಿಗೆಯಲ್ಲೇ "ಬಿಟ್ಟುಕೊಟ್ಟೆಯಲ್ಲ, ಅದು ಚಂದ ಆಯ್ತು ಮಗಾ" ಅನ್ನಿ. ಬರೀ "ಒಳ್ಳೆಯ ಹುಡುಗ" ಎಂದರೆ ಯಾವುದಕ್ಕೆ ಎಂದು ಗೊತ್ತಾಗದು. ಏನು ಮಾಡಿದ್ದೆಂದು ಹೆಸರಿಟ್ಟು ಹೇಳಿದರೆ, ರಾತ್ರಿ ಅಪ್ಪ ಬಂದು ಹೊಗಳುವಾಗ ಅದೇ ಮಾತನ್ನು ಹಿಡಿದು ಹಿಂದಕ್ಕೆ ಹೋಗಬಹುದು.

ನಾಲ್ಕನೇ ಹೆಜ್ಜೆ: ನಡುವಿನ ಹೊತ್ತನ್ನು ಖಾಲಿ ಬಿಡಿ

2003ರ ಒಂದು ಪ್ರಯೋಗದಲ್ಲಿ, ಶಬ್ದಕ್ಕೂ ಶಾಕಿಗೂ ನಡುವೆ ಅಂತರವಿದ್ದಾಗ ಮಿನುಗುವ ಬೆಳಕು ತೋರಿಸಿ ಇಲಿಗಳ ಗಮನ ಸೆಳೆದರು; ಕಲಿಕೆ ಕೆಟ್ಟಿತು. ಅಂತರವಿಲ್ಲದ ಪಾಠಕ್ಕೆ ಅದೇ ಬೆಳಕು ಏನೂ ಮಾಡಲಿಲ್ಲ. ಲೆಕ್ಕ ಮಾಡಿ ಉತ್ತರ ನೋಡುವ ಮೊದಲು ಮೊಬೈಲ್ ತೆಗೆಯುವ ಅಭ್ಯಾಸವಿದ್ದರೆ ಆ ಮಿನುಗುವ ಬೆಳಕು ನಿಮ್ಮ ಕೈಯಲ್ಲೇ ಉಂಟು. ಪಾಠ ಮುಗಿದ ಮೇಲೆಯೂ ಸ್ವಲ್ಪ ಹೊತ್ತು ಹೀಗೇ ಇರಲಿ. 2012ರಲ್ಲಿ ಎಡಿನ್‌ಬರೊದ ಮಿಖೇಲಾ ಡ್ಯೂವರ್ ಮತ್ತು ಸಂಗಡಿಗರು, ಕಥೆ ಕೇಳಿದ ಹಿರಿಯರು ಹತ್ತು ನಿಮಿಷ ಸುಮ್ಮನೆ ಕಣ್ಣು ಮುಚ್ಚಿ ಕೂತರೆ ಏಳು ದಿನದ ನಂತರವೂ ಹೆಚ್ಚು ನೆನಪಿರುತ್ತದೆ ಎಂದು ತೋರಿಸಿದರು. ಟ್ಯೂಷನ್ ಮುಗಿಸಿ ಬಸ್ಸಿನಲ್ಲಿ ಬರುವ ಮಕ್ಕಳು ಕಿಟಕಿಯಾಚೆ ನೋಡುತ್ತಾ ಕೂತಿದ್ದರೆ ಅದು ಹೊತ್ತು ಹಾಳೆಂದು ಬೈಯಬೇಡಿ.

ಐದನೇ ಹೆಜ್ಜೆ: ಫಲ ಬರುವ ಮೊದಲೇ ಊಹೆಯನ್ನು ಬಾಯಿಬಿಟ್ಟು ಹೇಳಿ

ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳನ್ನು ಅಳೆದ ವೋಲ್‌ಫ್ರಾಮ್ ಶುಲ್ಟ್ಜ್, ಅವರ ಜೊತೆ ಪೀಟರ್ ಡಯಾನ್ ಮತ್ತು ರೀಡ್ ಮಾಂಟೇಗ್ 1997ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದ ತಿರುವು. ನಿರೀಕ್ಷಿಸದೇ ಹಣ್ಣಿನ ರಸ ಸಿಕ್ಕಿದರೆ ಕೋಶಗಳು ಜೋರಾಗಿ ಮಿಡಿಯುತ್ತವೆ. ಮುನ್ಸೂಚನೆಯ ದೀಪವನ್ನು ಕಲಿತ ಮೇಲೆ ಆ ಮಿಡಿತ ರಸದಿಂದ ದೀಪಕ್ಕೆ ಸರಿಯುತ್ತದೆ. ದೀಪ ಬೆಳಗಿ ರಸ ಬಾರದಿದ್ದರೆ, ಸರಿಯಾಗಿ ಅದು ಬರಬೇಕಿದ್ದ ಹೊತ್ತಿನಲ್ಲೇ ಮಿಡಿತ ಕುಸಿಯುತ್ತದೆ. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವೇ ಕಲಿಸುತ್ತದೆ. ಹಾಗಿದ್ದರೆ ನಿರೀಕ್ಷೆಯೇ ಇಲ್ಲದವನಿಗೆ ಫಲ ಬಂದರೂ ಕಲಿಯಲು ಸಿಗುವುದು ಕಡಿಮೆ.

ಆದ್ದರಿಂದ ಪರೀಕ್ಷೆ ಮುಗಿಸಿ ಬಂದ ದಿನವೇ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಅಂಕ ಬರಬಹುದೆಂದು ಮಗ ಅಥವಾ ಮಗಳು ಪೆನ್ಸಿಲಿನಲ್ಲಿ ಬರೆದಿಡಲಿ. ಖಾತ್ರಿ ಇದ್ದದ್ದಕ್ಕೆ ಒಂದು ಗೆರೆ, ಸಂಶಯ ಇದ್ದದ್ದಕ್ಕೆ ಸೊನ್ನೆ. ಖಾತ್ರಿ ಇದ್ದು ತಪ್ಪಾದ ಉತ್ತರಗಳೇ ತಿದ್ದಿದ ಮೇಲೆ ಚೆನ್ನಾಗಿ ನೆನಪುಳಿಯುತ್ತವೆ ಎಂಬುದು 2001ರಿಂದೀಚೆಗೆ ಹಲವು ಪ್ರಯೋಗಗಳಲ್ಲಿ ಕಂಡ ಸಂಗತಿ. ಆ ತಪ್ಪುಗಳಿಗೆ ಬೈದರೆ ಮಗು ಖಾತ್ರಿಯನ್ನು ಬರೆಯುವುದನ್ನೇ ಬಿಟ್ಟುಬಿಡುತ್ತದೆ. ಆಗ ಈ ಇಡೀ ಹೆಜ್ಜೆಯೇ ವ್ಯರ್ಥ.

ಆರನೇ ಹೆಜ್ಜೆ: ಎರಡು ತುದಿಗಳನ್ನೂ ಒಂದೇ ಹೊತ್ತಿಗೆ ತನ್ನಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ನಮ್ಮ ಮನೆಗಳಲ್ಲಿ ನಡೆಯದೇ ಇರುವುದೂ ಇದೇ. ಕೆಲವು ವರ್ಷಗಳಿಂದ ಪಿಯುಸಿ ಫಲಿತಾಂಶದಲ್ಲಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಮುಂದಿನ ಸಾಲಿನಲ್ಲಿವೆ. ಅಂಕದ ಬಗ್ಗೆ ನಮಗಿರುವ ಆಸೆಯೂ ಅಷ್ಟೇ ದೊಡ್ಡದು. ಉತ್ತರಪತ್ರಿಕೆ ಬಂದೊಡನೆ ಮೇಲಿನ ಮೂಲೆಯ ಅಂಕವನ್ನು ನೋಡುತ್ತೇವೆ, ಪಕ್ಕದ ಮನೆಯವನ ಅಂಕ ಕೇಳುತ್ತೇವೆ, ಸಹಿ ಹಾಕಿ ಕೊಡುತ್ತೇವೆ. ಆ ಅಂಕಕ್ಕೂ, ವಾರಗಳ ಹಿಂದೆ ಆ ಲೆಕ್ಕದ ಎದುರು ಕೂತಿದ್ದಾಗ ತಲೆಯಲ್ಲಿ ಓಡಿದ ಯೋಚನೆಗೂ ಆ ಹೊತ್ತಿಗೆ ಯಾವ ನಂಟೂ ಉಳಿದಿರುವುದಿಲ್ಲ.

ಹೀಗೆ ಮಾಡಿ ನೋಡಿ. ಉತ್ತರಪತ್ರಿಕೆ ತೆರೆಯುವ ಮೊದಲು ಪ್ರಶ್ನೆಪತ್ರಿಕೆಯನ್ನು ಎದುರಿಗಿಡಿ. ತಪ್ಪಾಗಿರಬಹುದೆಂದು ಸೊನ್ನೆ ಹಾಕಿದ ಪ್ರಶ್ನೆಗಳನ್ನು ಮೊದಲು ಖಾಲಿ ಹಾಳೆಯಲ್ಲಿ ಬಿಡಿಸಲಿ. ಆಮೇಲೆ ಆ ದಿನ ಬರೆದದ್ದನ್ನು ತೆಗೆದು ಪಕ್ಕಕ್ಕಿಟ್ಟು, ಉತ್ತರದಿಂದ ಹಿಂದಕ್ಕೆ ಸಾಲುಸಾಲಾಗಿ ಬರಲಿ: ಕೊನೆಯ ಸಾಲು ತಪ್ಪು, ಅದರ ಹಿಂದಿನದು? ಅದರ ಹಿಂದಿನದು? ಚಿಹ್ನೆ ಬದಲಾದ ಸಾಲು ಸಿಕ್ಕಿದಾಗ ಅಲ್ಲಿ ನಿಂತು, "ಆಗ ನೀನು ಏನೆಂದುಕೊಂಡಿದ್ದೆ?" ಎಂದು ಮೆಲ್ಲಗೆ ಕೇಳಿ. ಅಂಕವನ್ನು ಕೊನೆಯಲ್ಲಿ ನೋಡಿ.

ಹಿಂದಕ್ಕೆ ಯಾಕೆ? 2006ರಲ್ಲಿ ಡೇವಿಡ್ ಫಾಸ್ಟರ್ ಮತ್ತು ಮ್ಯಾಥ್ಯೂ ವಿಲ್ಸನ್ ಇಲಿಗಳಲ್ಲಿ ಒಂದು ಸೊಗಸಾದ ಸಂಗತಿ ಕಂಡರು. ಹಾದಿಯ ತುದಿಗೆ ಓಡಿ ತಿಂಡಿ ತಿಂದು ನಿಂತ ಇಲಿಯ ಹಿಪ್ಪೋಕ್ಯಾಂಪಸ್‌ನಲ್ಲಿ, ಓಡುವಾಗ ಮಿಡಿದ ಕೋಶಗಳು ಈಗ ಉಲ್ಟಾ ಕ್ರಮದಲ್ಲಿ, ಬಹಳ ವೇಗವಾಗಿ ಮಿಡಿದವು. ತುದಿಯಿಂದ ಆರಂಭದ ಕಡೆಗೆ. ಫಲ ಸಿಕ್ಕ ಜಾಗದಿಂದ ಅದಕ್ಕೆ ಕಾರಣವಾದ ಹಾದಿಯ ಕಡೆಗೆ ಮಿದುಳು ತಾನೇ ಹಿಂದಿರುಗಿ ನೋಡುವ ಬಗೆ ಇದಾಗಿರಬಹುದು. ಇಲಿಯಲ್ಲಿ ಕಂಡದ್ದನ್ನು ನೇರವಾಗಿ ಮಗುವಿನ ಪುಸ್ತಕಕ್ಕೆ ಅಂಟಿಸುವುದು ನನ್ನ ಊಹೆಯೇ ಹೌದು. ಆದರೆ ಫಲ ತಿಳಿದ ಮೇಲೆ ಒಂದು ನಿಮಿಷ ನಿಂತು ಹಿಂದಕ್ಕೆ ನಡೆಯುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಏಳನೇ ಹೆಜ್ಜೆ: ತಪ್ಪು ಗಂಟುಗಳನ್ನು ಸಂಶಯಿಸಿ

ಗಂಟೆಗಳ ಅಂತರವನ್ನು ಮಿದುಳು ಸಲೀಸಾಗಿ ದಾಟುವುದು ರುಚಿ ಮತ್ತು ಹೊಟ್ಟೆ ತೊಳಸುವಿಕೆಯ ವಿಷಯದಲ್ಲಿ. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೊಯೆಲಿಂಗ್ ತೋರಿಸಿದಂತೆ, ಇಲಿಗಳು ರುಚಿಯನ್ನು ಕಾಯಿಲೆಯ ಜೊತೆ ಜೋಡಿಸುತ್ತವೆ, ಬೆಳಕು ಶಬ್ದಗಳನ್ನು ಶಾಕಿನ ಜೊತೆ ಜೋಡಿಸುತ್ತವೆ. ಅದಲುಬದಲು ಮಾಡಿದರೆ ಜೋಡಣೆ ಬಹಳ ಕಷ್ಟ. ಅದೂ ಹೊಸ ರುಚಿಯಾದರೆ ಒಂದೇ ಸಲಕ್ಕೆ ಸಾಕು.

ಇಲ್ಲೇ ಮೋಸ ಹೋಗುವುದು. ಐಸ್ ಸರಿಯಾಗಿ ಹಾಕದೆ ಬಿಸಿಲಲ್ಲಿ ಉಳಿದ ಬಂಗುಡೆಯಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದ ಕೆಲವು ನಿಮಿಷ ಅಥವಾ ಗಂಟೆಗಳಲ್ಲಿ ಮುಖ ಕೆಂಪಾಗಿ, ತುರಿಸಿ, ವಾಂತಿಯಾಗಬಹುದು. ಬಂಗುಡೆ ದಿನವೂ ತಿನ್ನುವ ಮೀನು. ಅದೇ ದಿನ ಮಗು ಮೊದಲ ಸಲ ಗಡ್‌ಬಡ್ ಐಸ್‌ಕ್ರೀಂ ತಿಂದಿದ್ದರೆ, ಮಿದುಳು ಹೊಸ ರುಚಿಯ ಮೇಲೆಯೇ ಗೂಬೆ ಕೂರಿಸುತ್ತದೆ. ಮತ್ತೆ ವರ್ಷಗಟ್ಟಲೆ ಐಸ್‌ಕ್ರೀಂ ಬೇಡ. ಮಗುವಿನದ್ದು ಹಟವಲ್ಲ, ಒತ್ತಾಯ ಮಾಡಬೇಡಿ.

ಕ್ಯಾನ್ಸರಿಗೆ ಕಿಮೊ ತೆಗೆದುಕೊಳ್ಳುವವರ ಮನೆಯವರು ಇದನ್ನು ತಿಳಿದಿರಲೇಬೇಕು. 1978ರಲ್ಲಿ ಐಲೀನ್ ಬರ್ನ್‌ಸ್ಟೀನ್, ಕಿಮೊಗೆ ಮೊದಲು ಅಪರೂಪದ ರುಚಿಯ ಐಸ್‌ಕ್ರೀಂ ತಿಂದ ಮಕ್ಕಳು ಮುಂದೆ ಅದನ್ನು ಬೇಡವೆನ್ನುವುದನ್ನು ತೋರಿಸಿದರು. ಔಷಧದಿಂದ ಹೊಟ್ಟೆ ತೊಳಸಿದ್ದೆಂದು ಗೊತ್ತಿದ್ದರೂ ರುಚಿ ಕೆಡುತ್ತದೆ. ಅರಿವು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಪ್ರೀತಿಯಿಂದ ಅಂದು ಬೆಳಿಗ್ಗೆಯೇ ಕೋರಿರೊಟ್ಟಿಯೋ ಪತ್ರೊಡೆಯೋ ಮಾಡಿ ಉಣಿಸುವುದು ಬೇಡ. ಇಷ್ಟದ ಅಡುಗೆಗಳನ್ನು ಕಿಮೊ ಇಲ್ಲದ, ಹೊಟ್ಟೆ ಹಗುರವಾಗಿರುವ ದಿನಗಳಿಗೆ ಉಳಿಸಿ. ಊಟಕ್ಕೂ ಔಷಧಕ್ಕೂ ನಡುವೆ ಗಾಢವಾದ, ಅಪರಿಚಿತ ರುಚಿಯ ಒಂದು ಮಿಠಾಯಿ ಕೊಟ್ಟರೆ ಅಸಹ್ಯ ಆ ಮಿಠಾಯಿಯ ಮೇಲೆ ಹೋಗಿ ಊಟ ಉಳಿಯುತ್ತದೆ ಎಂಬುದನ್ನೂ ಬರ್ನ್‌ಸ್ಟೀನ್ ಸಂಗಡಿಗರ ಜೊತೆ ಆಮೇಲೆ ತೋರಿಸಿದರು. ವೈದ್ಯರನ್ನು ಕೇಳಿ ಮಾಡಿ.

ಎಂಟನೇ ಹೆಜ್ಜೆ: ದಿನಗಳ ಅಂತರಕ್ಕೆ ಪುಸ್ತಕ ಇಡಿ

ಶುಗರ್ ಇರುವವರಲ್ಲಿ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಶುಗರಿನ ಒಟ್ಟು ಕಥೆ ಹೇಳುತ್ತದೆ. ಚಿಕಿತ್ಸೆಗೆ ಅದು ಬೇಕು, ಆದರೆ ಯಾವ ಊಟ ಹೆಚ್ಚಾಯಿತೆಂದು ಅದರಿಂದ ಕಲಿಯಲಾಗದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ, ಊಟ ಶುರು ಮಾಡಿದ ಎರಡು ಗಂಟೆಗೆ ನೋಡಿ. ಇವತ್ತು ಎರಡು ಸೌಟು ಕುಚ್ಚಲಕ್ಕಿ ಅನ್ನ, ನಾಳೆ ಒಂದು ಸೌಟು ಮತ್ತು ಹೆಚ್ಚು ಪಲ್ಯ. ನೋಡುವ ಮೊದಲು ಅಂಕಿಯನ್ನು ಊಹಿಸಿ ಬರೆಯಿರಿ. ತಿಂಗಳುಗಳ ಅಂತರ ಎರಡು ಗಂಟೆಗೆ ಇಳಿಯುತ್ತದೆ. ಔಷಧದ ಅಳತೆಯನ್ನು ಮಾತ್ರ ನೀವೇ ಬದಲಿಸಬೇಡಿ.

ಕೊನೆಗೆ ಮಲೇರಿಯಾ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕೂತು ವಾರ ಅಥವಾ ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಅದಕ್ಕಾಗಿ ಪ್ರಿಮಾಕ್ವಿನ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ 14 ದಿನ ನುಂಗಬೇಕು. ಜ್ವರವೋ ಮೂರ್ನಾಲ್ಕು ದಿನಕ್ಕೆ ಬಿಡುತ್ತದೆ. ಮಾತ್ರೆ ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲವಾದ್ದರಿಂದ, ನಿಲ್ಲಿಸಿದ್ದಕ್ಕೂ ತಿಂಗಳುಗಳ ನಂತರದ ಜ್ವರಕ್ಕೂ ಮಿದುಳು ನಂಟು ಕಟ್ಟುವುದೇ ಇಲ್ಲ. "ಮತ್ತೆ ಸೊಳ್ಳೆ ಕಚ್ಚಿರಬೇಕು" ಎಂದಾಗುತ್ತದೆ. ಇಲ್ಲಿ ಕ್ಯಾಲೆಂಡರನ್ನೇ ನೆನಪಾಗಿ ಬಳಸಿ. 14 ಚೌಕಗಳಲ್ಲಿ ದಿನವೂ ಮಾತ್ರೆ ನುಂಗಿದ ಕೂಡಲೇ ಗೆರೆ ಹಾಕಿ. ಹಾಳೆಯ ತುದಿಯಲ್ಲಿ "ಜ್ವರ ಬಿಟ್ಟರೂ ಇದು ಮುಗಿಯಬೇಕು" ಎಂದು ದೊಡ್ಡದಾಗಿ ಬರೆಯಿರಿ. ಆ ಹಾಳೆಯನ್ನು ಹರಿಯದೆ, ರಕ್ತಪರೀಕ್ಷೆಯ ಚೀಟಿಯ ಜೊತೆ ಒಂದು ವರ್ಷ ಇಟ್ಟುಕೊಳ್ಳಿ. ಮುಂದೆ ಜ್ವರ ಬಂದರೆ ಎರಡನ್ನೂ ವೈದ್ಯರಿಗೆ ತೋರಿಸಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ.